ಸಂಸ್ಕರಿಸಿದ ಕೊಳಚೆನೀರಿನಿಂದ ತೋಟ: ಒಂದು ಸಣ್ಣ ಘಟಕದ ನಿರ್ಮಾಣ ಮತ್ತು ದುರಸ್ತಿಯ ದಾಖಲೆ

ವಸತಿ ಸಮುಚ್ಚಯವೊಂದರ ಸಂಸ್ಕರಣಾ ಘಟಕದಿಂದ ಹೊರಬೀಳುವ ನೀರಿನಲ್ಲಿ ದಿನಕ್ಕೆ 4,000 ಲೀಟರಿನಷ್ಟನ್ನು ಇನ್ನೊಮ್ಮೆ ಶುದ್ಧಗೊಳಿಸಿ, ಅದಕ್ಕೆ ಹೊಂದಿಕೊಂಡಿರುವ 1,000 ಚದರ ಮೀಟರ್ ತೋಟಕ್ಕೆ ಹನಿ ನೀರಾವರಿಯ ಮೂಲಕ ಕೊಡುವ ವ್ಯವಸ್ಥೆಯೊಂದನ್ನು ನಾವು ಕಟ್ಟಿ ನಡೆಸುತ್ತಿದ್ದೇವೆ. ಯಾವ ಭಾಗವನ್ನು ಯಾವ ಕಾರಣಕ್ಕೆ ಹಾಗೆ ಕಟ್ಟಿದೆವು, ಯಾವುದು ಕೆಟ್ಟಿತು, ಹೇಗೆ ಸರಿಪಡಿಸಿದೆವು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಇಂಥ ನೀರಿನ ಸುರಕ್ಷತೆಯನ್ನು ಪ್ರಯೋಗಾಲಯದ ವರದಿಯೇ ಕಾಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸೂಕ್ಷ್ಮಾಣು ಪರೀಕ್ಷೆಯ ಫಲಿತಾಂಶ ಕೈಸೇರುವ ಹೊತ್ತಿಗೆ ಆ ನೀರು ಆಗಲೇ ಮಣ್ಣು ಸೇರಿರುತ್ತದೆ. ಆದುದರಿಂದ ಪ್ರತಿ ಹಂತದಲ್ಲೂ, ಸ್ಥಳದಲ್ಲಿರುವ ವ್ಯಕ್ತಿ ಆ ಗಳಿಗೆಯಲ್ಲೇ ನೋಡಿ ತಿಳಿಯಬಹುದಾದ ಒಂದು ಗುರುತು ಇರಬೇಕು. ಆ ಗುರುತು ತಪ್ಪಿದರೆ ತೋಟಕ್ಕೆ ಹೋಗುವ ನೀರು ನಿಲ್ಲಬೇಕು. ಇಡೀ ನಿರ್ಮಾಣವನ್ನು ಈ ಒಂದು ನಿಯಮದ ಸುತ್ತ ರೂಪಿಸಿದ್ದೇವೆ.

ಬೆಳೆಯಿಂದ ಹಿಂದಕ್ಕೆ ಲೆಕ್ಕ

ಪೈಪು ಕೊಳ್ಳುವ ಮೊದಲು ಬೆಳೆಯನ್ನು ನಿರ್ಧರಿಸಿದೆವು, ಏಕೆಂದರೆ ನೀರು ಎಷ್ಟು ಶುದ್ಧವಾಗಿರಬೇಕು ಎಂಬುದನ್ನು ಬೆಳೆಯೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಕೊಟ್ಟಿದ್ದ ಮಾರ್ಗಸೂಚಿಯಲ್ಲಿ, ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1,000ವನ್ನು ಮೀರಬಾರದು, ಒಂದು ಲೀಟರಿನಲ್ಲಿ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದು ಎಂಬ ಮಿತಿಗಳಿದ್ದವು. 2006ರ ಮಾರ್ಗಸೂಚಿ ಈ ದೃಷ್ಟಿಯನ್ನೇ ಬದಲಿಸಿತು. ಈ ನೀರಿನ ಬಳಕೆಯಿಂದ ಬರುವ ರೋಗಗಳ ಕಾರಣಕ್ಕೆ ಒಬ್ಬ ವ್ಯಕ್ತಿಗೆ ಒಂದು ವರ್ಷದಲ್ಲಿ ನಷ್ಟವಾಗುವ ಆರೋಗ್ಯವಂತ ಆಯುಷ್ಯವು ವರ್ಷವೊಂದರ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು ಎಂಬುದನ್ನು ಅದು ಗುರಿಯಾಗಿ ಇಟ್ಟುಕೊಂಡಿದೆ. ಆ ಗುರಿಯನ್ನು ತಲುಪಲು ಸಂಸ್ಕರಣೆ, ನೀರು ಹಾಯಿಸುವ ವಿಧಾನ, ಕೊಯ್ಲಿಗೆ ಮುಂಚಿನ ಬಿಡುವು, ತೊಳೆಯುವುದು, ಬೇಯಿಸುವುದು ಇವೆಲ್ಲವನ್ನೂ ಬೇರೆ ಬೇರೆ ತಡೆಗಳೆಂದು ಎಣಿಸಿ ಕೂಡಿಸಬಹುದು.

ಕೂಡಿಸುವ ಅಳತೆ ಲಾಗ್. ರೋಗಾಣುಗಳ ಸಂಖ್ಯೆ ಹತ್ತನೆಯ ಒಂದಕ್ಕೆ ಇಳಿದರೆ 1 ಲಾಗ್, ನೂರನೆಯ ಒಂದಕ್ಕೆ ಇಳಿದರೆ 2 ಲಾಗ್. 100 ಮಿಲಿಲೀಟರಿನಲ್ಲಿ ಒಂದು ಕೋಟಿ ಇದ್ದದ್ದು 1,000ಕ್ಕೆ ಬಂದರೆ ಅದು 4 ಲಾಗ್ ಇಳಿಕೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಒಟ್ಟು 6 ಲಾಗ್, ಗೆಡ್ಡೆಗಳಿಗೆ 7 ಲಾಗ್ ಇಳಿಕೆ ಬೇಕೆಂದು 2006ರ ಮಾರ್ಗಸೂಚಿ ಲೆಕ್ಕ ಹಾಕಿದೆ. ನೆಲದಿಂದ ಎತ್ತರದಲ್ಲಿ ಫಲ ಬಿಡುವ ಬೆಳೆಗೆ ಹನಿ ನೀರಾವರಿ ಮಾಡಿದರೆ ಆ ವಿಧಾನವೊಂದರಿಂದಲೇ 4 ಲಾಗ್ ಸಿಗುತ್ತದೆ. ಉಳಿದ 2 ಲಾಗನ್ನು ಮಾತ್ರ ಸಂಸ್ಕರಣೆ ಒದಗಿಸಿದರೆ ಸಾಕು. ನೆಲಕ್ಕೆ ಹತ್ತಿರವಿರುವ ಬೆಳೆಗೆ ಹನಿ ನೀರಾವರಿಯಿಂದ ಸಿಗುವುದು 2 ಲಾಗ್ ಮಾತ್ರ, ಆದ್ದರಿಂದ ಸಂಸ್ಕರಣೆಯೇ 4 ಲಾಗ್ ಕೊಡಬೇಕಾಗುತ್ತದೆ. ಕೊನೆಯ ನೀರಾವರಿಗೂ ಕೊಯ್ಲಿಗೂ ನಡುವೆ ಬಿಸಿಲು ಮತ್ತು ಒಣಗುವಿಕೆಯಿಂದ ದಿನಕ್ಕೆ ಅರ್ಧದಿಂದ 2 ಲಾಗ್‌ವರೆಗೆ ರೋಗಾಣುಗಳು ಸಾಯುತ್ತವೆ, ಶುದ್ಧ ನೀರಿನಲ್ಲಿ ತೊಳೆದರೆ 1 ಲಾಗ್ ಇಳಿಯುತ್ತದೆ.

ಈ ಲೆಕ್ಕದ ಮೇಲೆ ನಾವು ಹಣ್ಣಿನ ಮರಗಳನ್ನೂ, ಚಪ್ಪರ ಅಥವಾ ಊರೆಗೋಲಿನ ಮೇಲೆ ಹಬ್ಬುವ, ಬೇಯಿಸಿ ತಿನ್ನುವ ತರಕಾರಿಗಳನ್ನೂ ಆರಿಸಿದೆವು. ಸೊಪ್ಪು ಮತ್ತು ಗೆಡ್ಡೆಗಳನ್ನು ಹೊರಗಿಟ್ಟೆವು. ಸಂಸ್ಕರಣೆಯ ಸಾಮರ್ಥ್ಯ ಸಾಕಾಗುವಂತೆ ಕಂಡರೂ ಸೊಪ್ಪನ್ನು ಸೇರಿಸದೆ ಇರುವುದು ನನ್ನ ಖಚಿತ ನಿಲುವು. ಅದರ ತಡೆಗಳಲ್ಲಿ ಒಂದೆರಡು, ನಮ್ಮ ಕೈಯಲ್ಲಿಲ್ಲದ ಯಾವುದೋ ಅಡುಗೆಮನೆಯಲ್ಲಿ ನಡೆಯಬೇಕಾದವು. 1970ರಲ್ಲಿ ಜೆರುಸಲೇಮಿನಲ್ಲಿ ಹರಡಿದ ಕಾಲರಾಕ್ಕೆ ಸಂಸ್ಕರಿಸದ ಕೊಳಚೆನೀರಿನಲ್ಲಿ ಬೆಳೆದು ಹಸಿಯಾಗಿ ತಿಂದ ತರಕಾರಿಯ ನಂಟಿತ್ತು. ಕಟ್ಟುವವರು ಆ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಂಡೇ ಬೆಳೆಯ ಪಟ್ಟಿ ಬರೆಯುವುದು ಒಳ್ಳೆಯದು.

ಯುರೋಪಿಯನ್ ಒಕ್ಕೂಟದ 2020ರ ನಿಯಮ 741, 2023ರ ಜೂನ್ 26ರಿಂದ ಅನ್ವಯವಾಗುತ್ತಿದೆ. ನೀರು ನೇರವಾಗಿ ತಾಗುವ, ಹಸಿಯಾಗಿ ತಿನ್ನುವ ಬೆಳೆಗೆ 100 ಮಿಲಿಲೀಟರಿನಲ್ಲಿ ಮಲದ ಬೆರಕೆಯನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ 10ನ್ನು ಮೀರಬಾರದೆಂದೂ, ತಿನ್ನುವ ಭಾಗಕ್ಕೆ ನೀರು ತಾಗದಂತೆ ಹನಿ ನೀರಾವರಿ ಮಾಡಿದರೆ 1,000ದವರೆಗೆ ಇರಬಹುದೆಂದೂ ಅದು ಹೇಳುತ್ತದೆ. ನಾವು ಇವೆರಡರ ನಡುವೆ 100 ಎಂಬ ಗುರಿಯನ್ನು ಇಟ್ಟುಕೊಂಡೆವು. ಬೆಳೆಗೆ 1,000 ಸಾಕಾಗಿದ್ದರೂ, ತೋಟದಲ್ಲಿ ಕೆಲಸ ಮಾಡುವವರ ಕೈಗೆ ಈ ನೀರು ದಿನವೂ ತಾಗುತ್ತದೆ ಎಂಬ ಕಾರಣಕ್ಕೆ ಬಿಗಿ ಮಾಡಿದೆವು.

ಮೂಲದ ನೀರು

ಮನೆಗಳ ಕೊಳಚೆಯನ್ನು ಮಾತ್ರ ಸ್ವೀಕರಿಸುವ ಘಟಕದ ನೀರನ್ನೇ ತೆಗೆದುಕೊಳ್ಳಬೇಕು. ಕಾರ್ಖಾನೆ, ಲೋಹಲೇಪನದ ಶೆಡ್ಡು, ಬಣ್ಣ ಹಾಕುವ ಕೆಲಸ ಇವುಗಳಿಂದ ಒಂದು ಸಣ್ಣ ಕೊಳವೆ ಸೇರಿದ್ದರೂ ಭಾರಲೋಹಗಳು ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತವೆ, ಮತ್ತು ಮುಂದೆ ನಾವು ಕಟ್ಟುವ ಮರಳು ಶೋಧಕವಾಗಲಿ ಅತಿನೇರಳೆ ದೀಪವಾಗಲಿ ಅವನ್ನು ನಂಬುವಷ್ಟು ತೆಗೆಯುವುದಿಲ್ಲ. ನಾವು ಸಮುಚ್ಚಯದ ಒಳಚರಂಡಿ ನಕ್ಷೆಯನ್ನು ಪಡೆದು, ಪ್ರತಿ ಮ್ಯಾನ್‌ಹೋಲಿಗೆ ಯಾವ ಕೊಳವೆ ಬಂದು ಸೇರುತ್ತದೆ ಎಂಬುದನ್ನು ನಡೆದು ನೋಡಿ ಗುರುತು ಹಾಕಿಕೊಂಡೆವು.

ಲವಣಗಳ ವಿಷಯವೂ ಇದೇ. ಸಂಸ್ಕರಣಾ ಘಟಕ ಸಾವಯವ ಕೊಳೆಯನ್ನು ತೆಗೆಯುತ್ತದೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಬಟ್ಟೆ ಒಗೆಯುವ ಪುಡಿ ಮತ್ತು ನೀರು ಮೆದುಗೊಳಿಸುವ ಯಂತ್ರಗಳಿಂದ ಬಂದ ಸೋಡಿಯಂ ನೇರವಾಗಿ ಮುಂದಕ್ಕೆ ಹರಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ನೀರಾವರಿ ನೀರಿನ ಗುಣಮಟ್ಟದ ಕೈಪಿಡಿಯ ಪ್ರಕಾರ, ಕರಗಿದ ಉಪ್ಪು ಎಷ್ಟಿದೆ ಎಂಬುದನ್ನು ಸೂಚಿಸುವ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಬಳಕೆಗೆ ನಿರ್ಬಂಧವಿಲ್ಲ, 3ನ್ನು ಮೀರಿದರೆ ತೀವ್ರ ನಿರ್ಬಂಧ. ನಮ್ಮ ನೀರು ಈ ಎರಡರ ನಡುವಿನ ವಲಯದಲ್ಲಿದೆ, ಹಾಗಾಗಿ ಉಪ್ಪನ್ನು ಸಹಿಸುವ ಬೆಳೆ ಮತ್ತು ಬಸಿಯುವ ಮಣ್ಣು ಎರಡೂ ಬೇಕಾದವು. ನೀರು ಬಿಡುವ ಮೊದಲೇ ತೋಟದ ಮಣ್ಣಿನ ಮಾದರಿಯನ್ನು ಎರಡು ಆಳದಿಂದ ತೆಗೆದು ಪರೀಕ್ಷಿಸಿ ಇಟ್ಟುಕೊಂಡೆವು. ಆರಂಭದ ಸ್ಥಿತಿ ಕಾಗದದ ಮೇಲೆ ಇಲ್ಲದಿದ್ದರೆ ಮುಂದೆ ಆಗುವ ಬದಲಾವಣೆಯನ್ನು ಅಳೆಯಲು ದಾರಿಯೇ ಇರುವುದಿಲ್ಲ.

ತಂಗುವ ತೊಟ್ಟಿ

ಮೊದಲ ಭಾಗ 12 ಘನ ಮೀಟರಿನ ಮುಚ್ಚಿದ ತೊಟ್ಟಿ. ದಿನಕ್ಕೆ 4 ಘನ ಮೀಟರ್ ಹರಿಯುವುದರಿಂದ ನೀರು ಇಲ್ಲಿ ಮೂರು ದಿನ ತಂಗುತ್ತದೆ. ಇದರ ಮುಖ್ಯ ಕೆಲಸ ಜಂತುಹುಳುವಿನ ಮೊಟ್ಟೆಗಳನ್ನು ತಳಕ್ಕೆ ಇಳಿಸುವುದು. ದುಂಡುಹುಳುವಿನ ಮೊಟ್ಟೆ ಸುಮಾರು 45ರಿಂದ 75 ಮೈಕ್ರಾನ್ ಉದ್ದವಿದ್ದು ನೀರಿಗಿಂತ ಭಾರವಾಗಿರುತ್ತದೆ; ನೀರು ಅಲುಗಾಡದಿದ್ದರೆ ಅದು ಕೆಳಗೆ ಕೂರುತ್ತದೆ. ಅದರ ಚಿಪ್ಪು ಎಷ್ಟು ಗಟ್ಟಿಯೆಂದರೆ ಸಾಮಾನ್ಯ ಪ್ರಮಾಣದ ಕ್ಲೋರಿನ್ ಆಗಲಿ ಅತಿನೇರಳೆ ಕಿರಣವಾಗಲಿ ಅದನ್ನು ಕೊಲ್ಲುತ್ತದೆಂದು ನಂಬಲು ಬರುವುದಿಲ್ಲ. ಅದನ್ನು ತೆಗೆಯಲು ಇರುವ ದಾರಿ ಕೂರಿಸುವುದು ಮತ್ತು ಸೋಸುವುದು.

ನೀರು ಒಂದು ತುದಿಯಿಂದ ಒಳಬಂದು ನೇರವಾಗಿ ಇನ್ನೊಂದು ತುದಿಗೆ ಓಡಿಹೋಗದಂತೆ ಎರಡು ಅಡ್ಡಗೋಡೆಗಳನ್ನು ಕಟ್ಟಿದ್ದೇವೆ. ಒಳಹರಿವಿನ ಕೊಳವೆಗೆ ಇಂಗ್ಲಿಷಿನ T ಆಕಾರದ ತುಂಡನ್ನು ಜೋಡಿಸಿ ನೀರು ರಭಸವಿಲ್ಲದೆ ಕೆಳಮುಖವಾಗಿ ಬೀಳುವಂತೆ ಮಾಡಿದ್ದೇವೆ. ಹೊರಹರಿವು ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಕೆಳಗಿನಿಂದ, ತೇಲುವ ಹೀರುಕೊಳವೆಯ ಮೂಲಕ ನಡೆಯುತ್ತದೆ; ಇದರಿಂದ ಮೇಲಿನ ಕೆನೆಯೂ ತಳದ ಕೆಸರೂ ಬರುವುದಿಲ್ಲ. ಬೆಳಕು ಒಳಗೆ ಹೋಗದಂತೆ ಮುಚ್ಚಳ, ಗಾಳಿಕೊಳವೆಗೆ ಸೊಳ್ಳೆಪರದೆ. ತಳದಲ್ಲಿ ಕೂತ ಕೆಸರಿನಲ್ಲಿ ಮೊಟ್ಟೆಗಳು ದೀರ್ಘಕಾಲ ಜೀವಂತವಾಗಿರುತ್ತವೆ ಎಂಬುದನ್ನು ಮರೆಯಬಾರದು: ಅದನ್ನು ತೋಟಕ್ಕೆ ಗೊಬ್ಬರವೆಂದು ಹಾಕದೆ, ಮೂಲ ಘಟಕದ ಕೆಸರಿನ ವ್ಯವಸ್ಥೆಗೇ ಹಿಂದಿರುಗಿಸುತ್ತೇವೆ.

ಜಲ್ಲಿ ಮತ್ತು ಮರಳು

ನಿಧಾನ ಮರಳು ಶೋಧಕವನ್ನು ಹೆಚ್ಚಾಗಿ ಕುಡಿಯುವ ನೀರಿಗೆ ಕಟ್ಟುತ್ತಾರೆ. ಸಂಸ್ಕರಿಸಿದ ಕೊಳಚೆನೀರಿನಲ್ಲಿ ತೇಲುವ ಕಣಗಳು ಹೆಚ್ಚಿರುವುದರಿಂದ ಅದನ್ನು ನೇರವಾಗಿ ಮರಳಿಗೆ ಬಿಟ್ಟರೆ ಮೇಲ್ಪದರ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಮರಳಿಗೆ ಮುಂಚೆ ಒಂದು ಜಲ್ಲಿ ಶೋಧಕವನ್ನು ಇಟ್ಟೆವು: ನೀರು ಕೆಳಗಿನಿಂದ ಮೇಲಕ್ಕೆ, ದಪ್ಪ ಜಲ್ಲಿಯಿಂದ ಸಣ್ಣ ಜಲ್ಲಿಯ ಕಡೆಗೆ ಏರುತ್ತದೆ. ತಳದಲ್ಲಿ ದೊಡ್ಡ ಬಾಲ್ ವಾಲ್ವ್ ಇದೆ. ಅದನ್ನು ಒಮ್ಮೆಲೇ ತೆರೆದರೆ ಮೇಲಿನ ನೀರು ಜೋರಾಗಿ ಇಳಿದು ಜಲ್ಲಿಯ ನಡುವಿನ ಕೆಸರನ್ನು ಹೊತ್ತೊಯ್ಯುತ್ತದೆ.

ಮರಳಿಗೆ 1.5 ಮೀಟರ್ ವ್ಯಾಸದ ಎರಡು ತೊಟ್ಟಿಗಳು. ಒಂದೊಂದರ ವಿಸ್ತೀರ್ಣ ಸುಮಾರು 1.77 ಚದರ ಮೀಟರ್. ದಿನಕ್ಕೆ 4 ಘನ ಮೀಟರ್ ಅಂದರೆ ಗಂಟೆಗೆ ಸುಮಾರು 0.167 ಘನ ಮೀಟರ್. ಒಂದೇ ತೊಟ್ಟಿ ಇಡೀ ಹರಿವನ್ನು ಹೊತ್ತರೂ ವೇಗ ಗಂಟೆಗೆ 0.1 ಮೀಟರಿಗಿಂತ ಕೆಳಗೇ ಉಳಿಯುತ್ತದೆ. ನಿಧಾನ ಶೋಧಕಕ್ಕೆ ಗಂಟೆಗೆ 0.1ರಿಂದ 0.4 ಮೀಟರ್ ವೇಗ ರೂಢಿಯಲ್ಲಿದೆ. ಕೊಳಚೆಮೂಲದ ನೀರಿಗೆ ಆ ವ್ಯಾಪ್ತಿಯ ಕೆಳತುದಿಯೇ ಸರಿ. ಒಂದನ್ನು ಸ್ವಚ್ಛಗೊಳಿಸುವಾಗ ಇನ್ನೊಂದು ನಡೆಯುತ್ತಿರಬೇಕು ಎಂಬ ಕಾರಣಕ್ಕೆ ಎರಡು ಕಟ್ಟಿದೆವು.

ಮರಳಿನ ಆಯ್ಕೆಯಲ್ಲಿ ತಾಳ್ಮೆ ಬೇಕು. ಕಣಗಳ ಪರಿಣಾಮಕಾರಿ ಗಾತ್ರ (ತೂಕದಲ್ಲಿ ಹತ್ತನೆಯ ಒಂದು ಭಾಗ ಮರಳು ಯಾವ ಗಾತ್ರಕ್ಕಿಂತ ಸಣ್ಣದಾಗಿರುತ್ತದೋ ಅದು) 0.15ರಿಂದ 0.35 ಮಿಲಿಮೀಟರ್ ಇರಬೇಕು, ಕಣಗಳು ಬಹುಮಟ್ಟಿಗೆ ಒಂದೇ ಗಾತ್ರದವಾಗಿರಬೇಕು. ಕಟ್ಟಡಕ್ಕೆ ಬಳಸುವ ಮರಳನ್ನು ಹಾಗೆಯೇ ಸುರಿಯಲು ಬರುವುದಿಲ್ಲ. ಜರಡಿ ಹಿಡಿದ ಮರಳನ್ನು ಗಾಜಿನ ಜಾಡಿಯಲ್ಲಿ ನೀರಿನೊಂದಿಗೆ ಕುಲುಕಿ ಬಿಟ್ಟಾಗ ಮೇಲಿನ ನೀರು ಕೂಡಲೇ ತಿಳಿಯಾಗುವವರೆಗೆ ತೊಳೆದೆವು. ತಳದಲ್ಲಿ ರಂಧ್ರಗಳಿರುವ ಕೊಳವೆ, ಅದರ ಮೇಲೆ ಮೂರು ಗಾತ್ರದ ಜಲ್ಲಿ, ಅದರ ಮೇಲೆ 80 ಸೆಂಟಿಮೀಟರ್ ಮರಳು. ಮೊದಲ ಬಾರಿ ನೀರನ್ನು ಕೆಳಗಿನಿಂದ ನಿಧಾನವಾಗಿ ತುಂಬಿಸಿದೆವು. ಮೇಲಿನಿಂದ ಸುರಿದರೆ ಮರಳಿನ ನಡುವೆ ಗಾಳಿ ಸಿಕ್ಕಿಕೊಂಡು, ಆ ಜಾಗಗಳಲ್ಲಿ ನೀರು ಹಾದುಹೋಗುವುದೇ ಇಲ್ಲ.

ಹೊರಹರಿವಿನ ಕೊಳವೆಯನ್ನು ಮರಳಿನ ಮೇಲ್ಮೈಗಿಂತ ಎತ್ತರಕ್ಕೆ ಏರಿಸಿ ಬಾಗಿಸಿದ್ದೇವೆ. ಈ ಬಾಗು ಈ ತೊಟ್ಟಿಯ ಅತಿ ಮುಖ್ಯ ಭಾಗ. ಪಂಪು ನಿಂತರೂ, ಒಳಹರಿವು ಬತ್ತಿದರೂ, ಮರಳು ನೀರಿನಲ್ಲಿ ಮುಳುಗಿಯೇ ಇರುತ್ತದೆ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ತೆಳುವಾದ ಜೀವಪದರವೇ ರೋಗಾಣುಗಳನ್ನು ಹಿಡಿಯುವುದು, ತಿನ್ನುವುದು. ಅದು ಒಣಗಿದರೆ ಸಾಯುತ್ತದೆ, ಮತ್ತೆ ಬೆಳೆಯಲು ವಾರಗಳು ಬೇಕು. ಆ ಪದರ ಬಲಿಯುವವರೆಗೆ ಶೋಧಕದಿಂದ ಬಂದ ನೀರನ್ನು ತೋಟಕ್ಕೆ ಬಿಡದೆ ಮೂಲ ಘಟಕಕ್ಕೇ ಹಿಂದಿರುಗಿಸಿದೆವು. ನೀರು ಕಣ್ಣಿಗೆ ಸ್ವಚ್ಛವಾಗಿ ಕಾಣುವುದಕ್ಕೂ ಶೋಧಕ ಬಲಿತಿರುವುದಕ್ಕೂ ನಡುವೆ ಬಹಳ ಅಂತರವಿದೆ. ಈ ಕಾಯುವಿಕೆಯನ್ನು ಯಾರೂ ಕಡಿತಗೊಳಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ.

ದೀಪ ಮತ್ತು ಬೀಗ

ಮರಳಿನಿಂದ ಬಂದ ನೀರು 5 ಘನ ಮೀಟರಿನ ಕತ್ತಲ ತೊಟ್ಟಿಯಲ್ಲಿ ಸೇರುತ್ತದೆ. ಅಲ್ಲಿಂದ ಪಂಪು, ಸಣ್ಣ ಕಣಗಳನ್ನು ಹಿಡಿಯುವ 120 ಮೆಷ್ ಡಿಸ್ಕ್ ಫಿಲ್ಟರ್, ಅತಿನೇರಳೆ ದೀಪದ ಕೋಶ, ಕೊನೆಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಅದರಾಚೆ ತೋಟ. ಸಂಗ್ರಹ ದೀಪಕ್ಕಿಂತ ಮುಂಚೆ ಇರುವುದು ಉದ್ದೇಶಪೂರ್ವಕ. ಅತಿನೇರಳೆ ಕಿರಣ ನೀರಿನಲ್ಲಿ ಏನನ್ನೂ ಉಳಿಸಿ ಹೋಗುವುದಿಲ್ಲ. ಕಿರಣದಿಂದ ಘಾಸಿಗೊಂಡ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಬೆಳಕಿನ ನೆರವಿನಿಂದ ತಮ್ಮನ್ನು ತಾವು ಸರಿಪಡಿಸಿಕೊಳ್ಳಬಲ್ಲವು. ದೀಪ ದಾಟಿದ ನೀರನ್ನು ತೆರೆದ ತೊಟ್ಟಿಯಲ್ಲಿ ತುಂಬಿಟ್ಟರೆ ಮಾಡಿದ ಕೆಲಸದಲ್ಲಿ ಒಂದು ಭಾಗ ವ್ಯರ್ಥವಾಗುತ್ತದೆ. ದೀಪ ದಾಟಿದ ನೀರು ಕತ್ತಲ ಕೊಳವೆಯಲ್ಲೇ ನೇರವಾಗಿ ಬೇರಿನ ಬಳಿಗೆ ಹೋಗಬೇಕು.

ಕ್ಲೋರಿನ್ ಬದಲು ದೀಪವನ್ನು ಏಕೆ ಆರಿಸಿದಿರಿ ಎಂದು ಹಲವರು ಕೇಳಿದ್ದಾರೆ. ಕೊಳಚೆಮೂಲದ ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ, ಅದರ ಶಕ್ತಿ ಕಡಿಮೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ ಕ್ಲೋರಿನ್ನಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ, ಆದರೆ ಅತಿನೇರಳೆ ಕಿರಣಕ್ಕೆ ಸುಲಭವಾಗಿ ಸೋಲುತ್ತದೆ. ಇನ್ನೊಂದು ಕಡೆ, ಅಡಿನೋವೈರಸ್ಸುಗಳು ಕಿರಣವನ್ನು ಸಾಕಷ್ಟು ತಾಳಿಕೊಳ್ಳುತ್ತವೆ, ಮುಕ್ತ ಕ್ಲೋರಿನ್ನಿಗೆ ಸೋಲುತ್ತವೆ. ಜಂತುವಿನ ಮೊಟ್ಟೆಯ ಮೇಲೆ ಇವೆರಡನ್ನೂ ನೆಚ್ಚಿಕೊಳ್ಳಲು ಬರುವುದಿಲ್ಲ, ಅದು ಮರಳಿನಲ್ಲಿ ಸಿಕ್ಕಿಬೀಳುತ್ತದೆ. ಒಂದು ಹಂತ ಬಿಟ್ಟುಕೊಟ್ಟದ್ದನ್ನು ಇನ್ನೊಂದು ಹಿಡಿಯುವಂತೆ ಹಂತಗಳನ್ನು ಜೋಡಿಸಬೇಕು. ಬಲಶಾಲಿಯಾದ ಒಂದೇ ಯಂತ್ರವನ್ನು ಕೊಂಡು ನೆಮ್ಮದಿಯಾಗಿರಲು ಸಾಧ್ಯವಿಲ್ಲ. ಇ. ಕೋಲಿ ಸೊನ್ನೆಯಾಗಿದೆ ಎಂಬ ವರದಿ ವೈರಸ್ಸಿನ ಬಗ್ಗೆಯಾಗಲಿ ಮೊಟ್ಟೆಯ ಬಗ್ಗೆಯಾಗಲಿ ಏನನ್ನೂ ಖಾತರಿಪಡಿಸುವುದಿಲ್ಲ.

ದೀಪದ ಕೋಶವನ್ನು ಕೊಳ್ಳುವಾಗ ಅದರ ಮೇಲೆ ಬರೆದಿರುವ ಹರಿವಿನ ಅಂಕಿ ಕುಡಿಯುವ ನೀರಿನದು ಎಂಬುದನ್ನು ಗಮನಿಸಬೇಕು. 254 ನ್ಯಾನೋಮೀಟರ್ ತರಂಗಾಂತರದ ಕಿರಣ ಸ್ವಚ್ಛ ನೀರಿನಲ್ಲಿ ಚೆನ್ನಾಗಿ ದಾಟುತ್ತದೆ. ದ್ವಿತೀಯ ಹಂತದ ಸಂಸ್ಕರಣೆ ಮುಗಿಸಿದ ಕೊಳಚೆನೀರಿನಲ್ಲಿ 1 ಸೆಂಟಿಮೀಟರ್ ದಪ್ಪವನ್ನು ದಾಟುವಷ್ಟರಲ್ಲೇ ಅದರ ಮೂರನೆಯ ಒಂದು ಭಾಗ ಹೀರಿಹೋಗುವುದು ಸಾಮಾನ್ಯ. ನಸು ಹಳದಿಯ ಕರಗಿದ ವಸ್ತುಗಳು ಅದಕ್ಕೆ ಕಾರಣ. ಹಾಗಾಗಿ ನಮಗೆ ಬೇಕಾದ ಗಂಟೆಗೆ 1.33 ಘನ ಮೀಟರಿಗೆ, ಅದರ ಹಲವು ಪಟ್ಟು ಹರಿವಿಗೆ ತಯಾರಿಸಿದ ಕೋಶವನ್ನು ಹಾಕಿದೆವು. ತೋಟವನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿಗೆ ಗಂಟೆಗೆ 4 ಲೀಟರ್ ಬಿಡುವ ಸುಮಾರು 330 ಡ್ರಿಪ್ಪರುಗಳನ್ನು ಕೊಟ್ಟು, ಒಂದಾದ ಮೇಲೊಂದರಂತೆ ಒಂದೊಂದು ಗಂಟೆ ನೀರು ಬಿಡುವುದರಿಂದ ಹರಿವು ಎಂದೂ ಈ ಮಿತಿಯನ್ನು ಮೀರುವುದಿಲ್ಲ.

ಬೀಗದ ವ್ಯವಸ್ಥೆ ಹೀಗಿದೆ. ಸೊಲೆನಾಯ್ಡ್ ವಾಲ್ವ್ ವಿದ್ಯುತ್ ಇಲ್ಲದಾಗ ಮುಚ್ಚಿಯೇ ಇರುವ ಬಗೆಯದು. ದೀಪ ಹೊತ್ತಿ ಕಾವೇರಿದ ಮೇಲೆ, ಕೋಶದ ಗೋಡೆಯಲ್ಲಿರುವ ಬೆಳಕಿನ ಸಂವೇದಕವು ನಿಗದಿತ ತೀವ್ರತೆಯನ್ನು ಕಂಡರೆ ಮಾತ್ರ ವಾಲ್ವ್ ತೆರೆಯುತ್ತದೆ. ದೀಪ ಆರಿದರೆ, ದೀಪವನ್ನು ನೀರಿನಿಂದ ಬೇರ್ಪಡಿಸುವ ಗಾಜು ಮಸುಕಾದರೆ, ನೀರು ಬಗ್ಗಡವಾದರೆ, ತಂತಿ ಕಡಿದರೆ, ಈ ನಾಲ್ಕರಲ್ಲಿ ಯಾವುದಾದರೂ ವಾಲ್ವನ್ನು ಮುಚ್ಚುತ್ತದೆ. ದೀಪ ಹೊತ್ತಿದೆ ಎಂಬ ಸೂಚಕವನ್ನಷ್ಟೇ ಕೊಡುವ ಅಗ್ಗದ ಕೋಶಗಳನ್ನು ಈ ಕೆಲಸಕ್ಕೆ ಬಳಸಬಾರದು. ಹೊತ್ತಿರುವ ದೀಪ ಕೊಳೆಯಾದ ಗಾಜಿನ ಹಿಂದೆ ಇದ್ದರೆ ಅದರಿಂದ ಪ್ರಯೋಜನವಿಲ್ಲ. ದೀಪವನ್ನು ಬರಿಗಣ್ಣಿನಿಂದ ನೋಡಬಾರದು, ಕೋಶವನ್ನು ತೆರೆಯುವ ಮೊದಲು ವಿದ್ಯುತ್ ಕಡಿದಿರಬೇಕು, ಹಳೆಯ ದೀಪದಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯದೆ ಬೇರೆಯಾಗಿ ಒಪ್ಪಿಸಬೇಕು.

ಕೊಳವೆ ಜಾಲ

ಸಂಸ್ಕರಿತ ನೀರಿನ ಕೊಳವೆಗೆ ನೇರಳೆ ಬಣ್ಣ ಬಳಸುವ ರೂಢಿ ಹಲವು ದೇಶಗಳಲ್ಲಿದೆ. ನಾವೂ ಅದನ್ನೇ ಬಳಿದೆವು. ಬಣ್ಣ ಮಾಸುತ್ತದೆ, ಆದ್ದರಿಂದ ಶುದ್ಧ ನೀರಿನ ಕೊಳವೆಗಿಂತ ಬೇರೆ ಅಳತೆಯ ಕೊಳವೆ ಮತ್ತು ಜೋಡಣೆಗಳನ್ನೂ ಆರಿಸಿದೆವು. ಒಂದರ ತುಂಡು ಇನ್ನೊಂದಕ್ಕೆ ಕೂರುವುದೇ ಇಲ್ಲ. ನೀರು ಸಾಲದ ದಿನ ಶುದ್ಧ ನೀರನ್ನು ಬೆರೆಸಬೇಕಾದಾಗ ಅದು ಕತ್ತಲ ತೊಟ್ಟಿಗೆ ಮೇಲಿನಿಂದ ಗಾಳಿಯಲ್ಲಿ ಬೀಳುತ್ತದೆ, ಕೊಳವೆಯ ಬಾಯಿಗೂ ತೊಟ್ಟಿಯ ಅತ್ಯಂತ ಎತ್ತರದ ನೀರಿನ ಮಟ್ಟಕ್ಕೂ ನಡುವೆ ಕೊಳವೆಯ ವ್ಯಾಸದ ಎರಡು ಪಟ್ಟಿಗೂ ಹೆಚ್ಚು ಅಂತರವಿದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವನ್ನು ನಂಬಿ ಎರಡು ಜಾಲಗಳನ್ನು ನೇರವಾಗಿ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಶುದ್ಧ ನೀರಿನ ಜಾಲವನ್ನು ಪೂರ್ತಿ ಮುಚ್ಚಿ, ನೇರಳೆ ಜಾಲಕ್ಕೆ ಮಾತ್ರ ಒತ್ತಡ ಕೊಟ್ಟು, ಸುತ್ತಲಿನ ಒಂದೊಂದು ನಲ್ಲಿಯನ್ನೂ ತೆರೆದು ನೋಡಿದೆವು. ಯಾವುದರಲ್ಲೂ ನೀರು ಬರಲಿಲ್ಲ. ಈ ಪರೀಕ್ಷೆಯನ್ನು ಪ್ರತಿ ದುರಸ್ತಿಯ ನಂತರವೂ ಮಾಡುತ್ತೇವೆ.

ಲ್ಯಾಟರಲ್‌ಗಳನ್ನು, ಅಂದರೆ ಡ್ರಿಪ್ಪರುಗಳಿರುವ ಸಾಲುಕೊಳವೆಗಳನ್ನು, ಮಣ್ಣಿನ ಮೇಲಿನ ಹೊದಿಕೆಯ ಕೆಳಗೆ ಹಾಸಿದ್ದೇವೆ. ತುಂತುರು ನೀರಾವರಿ ಇಲ್ಲ, ಏಕೆಂದರೆ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಎಲೆಗೂ ಕೆಲಸಗಾರರ ಉಸಿರಿಗೂ ತಲುಪುತ್ತವೆ.

ಕೆಟ್ಟದ್ದು, ಸರಿಪಡಿಸಿದ್ದು

ಮೊದಲ ದುರಸ್ತಿ ಮರಳು ಶೋಧಕದಲ್ಲಿ. ತೊಟ್ಟಿಯ ಬದಿಯಲ್ಲಿ ಎರಡು ಪಾರದರ್ಶಕ ಕೊಳವೆಗಳಿವೆ, ಒಂದು ಮರಳಿನ ಮೇಲಿನ ನೀರಿನ ಮಟ್ಟವನ್ನೂ ಇನ್ನೊಂದು ಮರಳು ದಾಟಿದ ನೀರಿನ ಮಟ್ಟವನ್ನೂ ತೋರಿಸುತ್ತದೆ. ಇವುಗಳ ನಡುವಿನ ವ್ಯತ್ಯಾಸ ವಾರದೊಳಗೆ ಏರಿಬಿಟ್ಟಿತು. ಹುಡುಕಿದಾಗ ಮೂಲ ಘಟಕದ ತಿಳಿಗೊಳಿಸುವ ತೊಟ್ಟಿಯಿಂದ ಕೆಸರು ಹೊರಗೆ ಕೊಚ್ಚಿ ಬರುತ್ತಿದ್ದುದು ಕಂಡಿತು. ಒಂದು ಶೋಧಕವನ್ನು ನಿಲ್ಲಿಸಿ, ನೀರನ್ನು ಮರಳಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಮಾತ್ರ ಇಳಿಸಿ, ಚಪ್ಪಟೆ ಸಲಿಕೆಯಿಂದ ಮೇಲಿನ 1.5 ಸೆಂಟಿಮೀಟರ್ ಕೆರೆದು ತೆಗೆದೆವು. ಮತ್ತೆ ಕೆಳಗಿನಿಂದ ತುಂಬಿಸಿ, ನೀರು ತಿಳಿಯಾಗಿ ಪದರ ಮರಳಿ ಬೆಳೆಯುವವರೆಗೆ ಅದರ ಹೊರಹರಿವನ್ನು ಹಿಂದಿರುಗಿಸುತ್ತಿದ್ದೆವು. ಕೆರೆಯುತ್ತ ಕೆರೆಯುತ್ತ ಮರಳು 50 ಸೆಂಟಿಮೀಟರಿಗೆ ಇಳಿದಾಗ ತೊಳೆದ ಮರಳನ್ನು ತುಂಬಿಸಬೇಕು. ಕೆಸರು ಮತ್ತೆ ಬರದಂತೆ ತಂಗುವ ತೊಟ್ಟಿಯ ಬಾಯಲ್ಲಿ ಒಂದು ನಿಯಮ ತಂದೆವು: ಬಗ್ಗಡ ಅಳೆಯುವ ಕೊಳವೆಯ ತಳದ ಗುರುತು ಕಾಣದಿದ್ದರೆ ಆ ದಿನ ನೀರನ್ನು ಒಳಕ್ಕೆ ಬಿಡುವಂತಿಲ್ಲ.

ಎರಡನೆಯದು ದೀಪದ ಕ್ವಾರ್ಟ್ಜ್ ಗಾಜು. ಸಂವೇದಕದ ಅಂಕಿ ದಿನದಿಂದ ದಿನಕ್ಕೆ ಇಳಿದು ಕೊನೆಗೆ ವಾಲ್ವ್ ತೆರೆಯದೆ ನಿಂತಿತು. ಬಿಚ್ಚಿದಾಗ ಗಾಜಿನ ಮೇಲೆ ಕಂದುಬಿಳಿ ಬಣ್ಣದ ಪದರ ಕಟ್ಟಿತ್ತು. ಗಡಸು ನೀರಿನ ಸುಣ್ಣ ಮತ್ತು ಕಬ್ಬಿಣ ದೀಪದ ಬಿಸಿಗೆ ಅಂಟಿಕೊಂಡಿದ್ದವು. ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬರಿಗೈ ತಾಗಿಸದೆ ಮರಳಿ ಕೂರಿಸಿದೆವು. ಸೋರಿಕೆ ತಡೆಯುವ ಬಳೆಯಾದ ಓ ರಿಂಗನ್ನು ತೆಗೆದು ಅದನ್ನೇ ಮತ್ತೆ ಹಾಕಿದರೆ ಜಿನುಗುತ್ತದೆ, ಪ್ರತಿ ಬಾರಿಯೂ ಹೊಸದು ಬೇಕು. ಈಗ ಅಂಕಿ ಎಚ್ಚರಿಕೆಯ ಮಟ್ಟಕ್ಕೆ ಬರುವ ಮೊದಲೇ ಗಾಜನ್ನು ಒರೆಸುತ್ತೇವೆ. ದೀಪದ ಆಯುಷ್ಯವನ್ನು ತಯಾರಕರು ಗಂಟೆಗಳಲ್ಲಿ ಕೊಟ್ಟಿರುತ್ತಾರೆ. ಉರಿಯುತ್ತಿದ್ದರೂ ಆ ಗಂಟೆಗಳು ತೀರಿದೊಡನೆ ಬದಲಿಸಬೇಕು, ಏಕೆಂದರೆ ಕಣ್ಣಿಗೆ ಕಾಣುವ ನೀಲಿ ಬೆಳಕು ಉಳಿದಿದ್ದರೂ ರೋಗಾಣು ಕೊಲ್ಲುವ ಕಿರಣ ಕುಗ್ಗಿರುತ್ತದೆ.

ಮೂರನೆಯದು ಲ್ಯಾಟರಲ್‌ಗಳ ಲೋಳೆ. ಪೋಷಕಾಂಶವಿರುವ ನೀರು ಕೊಳವೆಯ ಒಳಗೋಡೆಯಲ್ಲಿ ಲೋಳೆ ಬೆಳೆಸುತ್ತದೆ, ಅದು ಕಳಚಿ ಡ್ರಿಪ್ಪರಿನ ದಾರಿಯನ್ನು ಮುಚ್ಚುತ್ತದೆ. ಪ್ರತಿ ಸಾಲಿನ ಆರಂಭ, ನಡು ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಲೋಟ ಇಟ್ಟು ಒಂದೇ ಹೊತ್ತಿನಲ್ಲಿ ಬಂದ ನೀರನ್ನು ಅಳೆಯುತ್ತೇವೆ. ವ್ಯತ್ಯಾಸ ಶೇಕಡಾ 10ನ್ನು ಮೀರಿದರೆ ಸಾಲಿನ ಕೊನೆಯ ಮುಚ್ಚಳ ತೆಗೆದು, ನೀರು ತಿಳಿಯಾಗುವವರೆಗೆ ರಭಸದಿಂದ ಹರಿಸುತ್ತೇವೆ. ಅದಕ್ಕೂ ಬಗ್ಗದಿದ್ದ ಪಾಲಿಗೆ ಸೋಡಿಯಂ ಹೈಪೊಕ್ಲೋರೈಟ್ ಸೇರಿಸಿ, ಕೊಳವೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ತುದಿಯಿಂದ ಪಾತ್ರೆಗೆ ಹೊರಹಾಕಿದೆವು. ಗಾಜು ತೊಳೆಯುವ ಆಮ್ಲವೂ ಹೈಪೊಕ್ಲೋರೈಟೂ ಒಂದೇ ಕಪಾಟಿನಲ್ಲಿ ಇರಬಾರದು, ಒಂದೇ ಬಕೆಟ್ಟಿಗೆ ಬೀಳಬಾರದು: ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ನಾಲ್ಕನೆಯದು ಇಲಿ ಕಚ್ಚಿದ ಕೊಳವೆ. ಇದು ಚಿಕ್ಕ ದುರಸ್ತಿಯೆಂದು ಕಾಣಬಹುದು, ಆದರೆ ಹನಿ ನೀರಾವರಿಗೆ ನಾವು ಕೊಟ್ಟಿರುವ 4 ಲಾಗ್ ಈ ತೂತಿನಿಂದ ಆ ಜಾಗದಲ್ಲಿ ಇಲ್ಲವಾಗುತ್ತದೆ. ಚಿಮ್ಮಿದ ನೀರು ತಾಗಿದ ಹಣ್ಣು, ಕೆಸರಿನಲ್ಲಿ ಬಿದ್ದ ಹಣ್ಣು ಎರಡನ್ನೂ ಕೊಯ್ಲಿಗೆ ಸೇರಿಸುವುದಿಲ್ಲ. ನೆಲಕ್ಕೆ ಬಿದ್ದದ್ದನ್ನು ಆರಿಸಬಾರದು ಎಂಬ ನಿಯಮ ತೋಟದಲ್ಲಿ ಎಲ್ಲ ದಿನಗಳಿಗೂ ಇದೆ.

ಗೊಬ್ಬರ, ಉಪ್ಪು, ಮಾದರಿ

ದಿನಕ್ಕೆ 4,000 ಲೀಟರ್ ಅಂದರೆ ನಮ್ಮ ತೋಟಕ್ಕೆ 4 ಮಿಲಿಮೀಟರ್ ನೀರು. ಲೀಟರಿಗೆ 25 ಮಿಲಿಗ್ರಾಂ ಸಾರಜನಕ ಇದ್ದರೆ ದಿನಕ್ಕೆ 100 ಗ್ರಾಂ, 150 ದಿನಗಳ ನೀರಾವರಿಯಲ್ಲಿ 15 ಕಿಲೋಗ್ರಾಂ, ಅಂದರೆ ಹೆಕ್ಟೇರಿಗೆ 150 ಕಿಲೋಗ್ರಾಂ ಲೆಕ್ಕ. ಹಲವು ಬೆಳೆಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಆದ್ದರಿಂದ ಸಾರಜನಕದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿದೆವು. ನೀರಿನೊಂದಿಗೆ ಬರುವ ಗೊಬ್ಬರವನ್ನು ಬೇಡವಾದಾಗ ತಡೆಯಲು ಬರುವುದಿಲ್ಲ ಎಂಬುದೇ ತೊಡಕು: ಕಾಯಿ ಬಲಿಯುವ ಹೊತ್ತಿನಲ್ಲೂ ಸಾರಜನಕ ಬರುತ್ತಿದ್ದರೆ ಗಿಡ ಎಲೆಯನ್ನೇ ಬೆಳೆಸುತ್ತದೆ. ಆ ಹಂತದಲ್ಲಿ ಶುದ್ಧ ನೀರಿನ ಪಾಲನ್ನು ಹೆಚ್ಚಿಸುತ್ತೇವೆ. ಅದರಿಂದ ಬೇರಿನ ವಲಯದ ಉಪ್ಪೂ ಕೆಳಗೆ ತೊಳೆದುಹೋಗುತ್ತದೆ. ಸೋಡಿಯಂ ಹೆಚ್ಚಾದ ಮಣ್ಣು ಮೇಲೆ ಹೆಪ್ಪುಗಟ್ಟಿ ನೀರನ್ನು ಇಂಗಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ. ಅಂಥ ಲಕ್ಷಣ ಕಂಡ ಒಂದು ಪಾಲಿಗೆ ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ಹಾಕಿದ್ದೇವೆ. ಮಣ್ಣು ಒದ್ದೆಯಿರುವ ದಿನ ಹೆಚ್ಚುವರಿ ನೀರು ತೋಟಕ್ಕೆ ಹೋಗದೆ ಮೂಲ ಘಟಕದ ಹೊರದಾರಿಯನ್ನೇ ಸೇರುತ್ತದೆ. ಸಂಸ್ಕರಿತ ನೀರನ್ನು ಖಾಲಿ ಮಾಡುವ ಒತ್ತಡಕ್ಕೆ ತೋಟವನ್ನು ಬಲಿಕೊಡಬಾರದು.

ಇ. ಕೋಲಿ ಪರೀಕ್ಷೆಗೆ ಮಾದರಿಯನ್ನು ಎರಡು ಕಡೆ ತೆಗೆಯುತ್ತೇವೆ: ದೀಪದ ಕೋಶದ ನಂತರ ಮತ್ತು ಅತ್ಯಂತ ದೂರದ ಸಾಲಿನ ತುದಿಯಲ್ಲಿ. ಎರಡರ ನಡುವಿನ ಅಂತರ ಕೊಳವೆಯೊಳಗಿನ ಲೋಳೆಯ ಕಥೆ ಹೇಳುತ್ತದೆ. ಸೀಸೆ ರೋಗಾಣುರಹಿತವಾಗಿರಬೇಕು, ಕೊಳವೆಗೆ ಕ್ಲೋರಿನ್ ಹಾಕಿದ ದಿನವಾದರೆ ಅದರಲ್ಲಿ ಉಳಿದ ಕ್ಲೋರಿನ್ನನ್ನು ಇಲ್ಲವಾಗಿಸುವ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಬೆಳಕು ತಾಗದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ಪ್ರಯೋಗಾಲಯ ತಲುಪಬೇಕು. ಜಂತುವಿನ ಮೊಟ್ಟೆಯ ಎಣಿಕೆಗೆ ಹೆಚ್ಚು ನೀರು ಬೇಕಾಗುವುದರಿಂದ ಅದನ್ನು ವಿರಳವಾಗಿ ಮಾಡಿಸುತ್ತೇವೆ. 15 ವರ್ಷದೊಳಗಿನ ಮಕ್ಕಳು ತೋಟದಲ್ಲಿ ಓಡಾಡುವ ಕಡೆ ಲೀಟರಿಗೆ ಒಂದು ಮೊಟ್ಟೆಯ ಮಿತಿ ಸಾಲದು, 0.1 ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ನೀರು ಬಿಡುವ ಹೊತ್ತಿನಲ್ಲಿ ಮಕ್ಕಳಿಗೆ ಇಲ್ಲಿ ಪ್ರವೇಶವಿಲ್ಲ. ಕೆಲಸಗಾರರಿಗೆ ಮೊಣಕಾಲಿನವರೆಗಿನ ಬೂಟು, ಕೈಗವಸು, ಹಾಗೂ ತೋಟದ ಬಾಗಿಲಲ್ಲೇ ಶುದ್ಧ ನೀರು ಮತ್ತು ಸೋಪು ಇಟ್ಟಿದ್ದೇವೆ.

ದಿನಚರಿಯ ಪುಸ್ತಕ ಪಂಪಿನ ಪಕ್ಕದ ಗೋಡೆಯಲ್ಲಿ ತೂಗುತ್ತದೆ. ಒಳಬರುವ ನೀರಿನ ಬಗ್ಗಡ, ಎರಡು ಪಾರದರ್ಶಕ ಕೊಳವೆಗಳ ಅಂತರ, ಡಿಸ್ಕ್ ಫಿಲ್ಟರಿನ ಎರಡೂ ಬದಿಯ ಒತ್ತಡ, ಬೆಳಕಿನ ಸಂವೇದಕದ ಅಂಕಿ, ವಿದ್ಯುತ್ ವಾಹಕತೆ, ದೀಪ ಉರಿದ ಗಂಟೆಗಳು: ಇವಿಷ್ಟನ್ನು ನೀರು ಬಿಡುವ ಮೊದಲು ಬರೆಯಬೇಕು, ಬಿಟ್ಟ ಮೇಲೆ ಬರೆಯುವಂತಿಲ್ಲ. ಮುಂದಿನ ಕೆಲಸಗಳಲ್ಲಿ ಗಾಜನ್ನು ಬಿಚ್ಚದೆಯೇ ಒರೆಸುವ ಒಳ ಒರೆಸುಗವನ್ನು ಜೋಡಿಸುವುದು, ಜಲ್ಲಿ ಶೋಧಕಕ್ಕೆ ಎರಡನೆಯ ತೊಳೆಯುವ ವಾಲ್ವ್ ಹಾಕುವುದು ಬಾಕಿ ಇವೆ. ಸಂವೇದಕದ ಸರಿಯಾದ ಅಂಕಿಯನ್ನು ಹೊಸ ದೀಪ, ಹೊಸ ಗಾಜು, ತಿಳಿನೀರು ಮೂರೂ ಇರುವಾಗ ಮತ್ತೆ ನಿಗದಿಪಡಿಸಬೇಕಾಗಿದೆ. ಅದನ್ನು ಮುಂದಿನ ದೀಪ ಬದಲಾವಣೆಯ ದಿನಕ್ಕೆ ಇಟ್ಟುಕೊಂಡಿದ್ದೇವೆ.